ಪೆಟ್ಟಿಗೆ ಮಾತಾಡಬಾರದು

ಬಾವಿಕಟ್ಟೆಯ ಪಕ್ಕದ ಕಲ್ಲಿನ ಮೇಲೆ ಕೂತು ನಾನು ಬೂತಾಯಿ ಮೀನು ಶುಚಿ ಮಾಡುತ್ತಿದ್ದೆ. ಬೆಳಗಿನ ಒಂಬತ್ತು ಗಂಟೆ. ಅರ್ಧ ಬುಟ್ಟಿ ಮುಗಿದಿತ್ತು, ಅರ್ಧ ಬಾಕಿ ಇತ್ತು. ಮಧ್ಯಾಹ್ನ ಹೊರಡುವವಳಿಗೆ ಅನ್ನದ ಜೊತೆ ಹುಳಿಖಾರದ ಪುಳಿಮುಂಚಿ ಮಾಡಿ ಬಡಿಸಿ ಕಳಿಸಬೇಕು ಎಂದು ನಾನು ಎಣಿಸಿಕೊಂಡಿದ್ದೆ. ಅಷ್ಟರಲ್ಲಿ ಹೊರಡುವವಳೇ, ಎಂದರೆ ನನ್ನ ನಾದಿನಿ, ಮೊಬೈಲ್ ಹಿಡಿದುಕೊಂಡು ಒಳಗಿನಿಂದ ಬಂದು ನನ್ನ ಎದುರು ನಿಂತಳು.

“ಸೈಕಲ್ ಕಟ್ಟಿಕೊಡುವವರು ಇಲ್ಲ ಅತ್ತಿಗೆ,” ಎಂದಳು.

ಪಂಪ್‌ವೆಲ್ಲಿನ ಸೈಕಲ್ ಅಂಗಡಿಯಿಂದ ಫೋನು ಬಂದಿತ್ತು. ಹತ್ತು ಗಂಟೆಗೆ ಅವಳ ಸೈಕಲನ್ನು ಬಿಚ್ಚಿ, ವಿಮಾನಕ್ಕೆ ಹಾಕುವ ಹಾಗೆ ರಟ್ಟಿನ ಪೆಟ್ಟಿಗೆಯಲ್ಲಿ ಕಟ್ಟಿಕೊಡುವುದೆಂದು ಮಾತಾಗಿತ್ತು. ಆದರೆ ಆ ಕೆಲಸ ಗೊತ್ತಿದ್ದ ಮೆಕ್ಯಾನಿಕ್‌ನ ತಂದೆಗೆ ಅಂದು ಬೆಳಗ್ಗೆ ಎದೆನೋವು ಬಂದು ಅತ್ತಾವರದ ಆಸ್ಪತ್ರೆಗೆ ಸೇರಿಸಿದ್ದರು. ಅಂಗಡಿಯ ಯಜಮಾನರಿಗೆ ಸೈಕಲ್ ಮಾರಲು ಗೊತ್ತು, ಕಟ್ಟಲು ಗೊತ್ತಿಲ್ಲ. ಖಾಲಿ ಪೆಟ್ಟಿಗೆ ಬೇಕಾದರೆ ಕೊಡುತ್ತೇನೆ, ಬಂದು ತೆಗೆದುಕೊಂಡು ಹೋಗಿ ಎಂದರಂತೆ. ವಿಮಾನ ಮೂರೂ ನಲ್ವತ್ತಕ್ಕೆ.

ನನ್ನ ನಾದಿನಿಗೆ ಈಗ ನಲವತ್ತೇಳು. ಇಲ್ಲೇ ಹತ್ತಿರದ ಶಾಲೆಯಲ್ಲಿ ಪಿ.ಟಿ. ಟೀಚರ್. ಮದುವೆಯಾಗಲಿಲ್ಲ, ನಮ್ಮ ಜೊತೆಯೇ ಇದ್ದಾಳೆ. ಮೊಣಕಾಲಿಗೆ ಆಪರೇಷನ್ ಆದ ಮೇಲೆ ಓಡುವುದನ್ನು ಬಿಟ್ಟು ಸೈಕಲ್ ಹಿಡಿದಳು. ಹಿಡಿದದ್ದು ಹಿಡಿದೇ ಹಿಡಿದಳು. ಆ ಏಪ್ರಿಲ್ ರಜೆಯಲ್ಲಿ ಬೆಂಗಳೂರು, ಮೈಸೂರಿನ ನಾಲ್ವರು ಹೆಂಗಸರ ಜೊತೆ ವಿಯೆಟ್ನಾಂಗೆ ಹೋಗಿ ಹನ್ನೆರಡು ದಿನ ಸೈಕಲ್ ತುಳಿಯುವುದೆಂದು ನಿಶ್ಚಯವಾಗಿತ್ತು. ಇಲ್ಲಿಂದ ಬೆಂಗಳೂರಿಗೆ ಒಂದು ವಿಮಾನ, ಅಲ್ಲಿಂದ ಅದೇ ದಿನ ಇನ್ನೊಂದು. ಮೊದಲನೆಯದು ತಪ್ಪಿದರೆ ಎರಡನೆಯದೂ ತಪ್ಪಿದ ಹಾಗೆಯೇ, ಘಾಟಿ ಹತ್ತಿ ಹೋದರೆ ಸಮಯಕ್ಕೆ ಮುಟ್ಟುವುದಿಲ್ಲ. ಅಲ್ಲಿ ಬಾಡಿಗೆಗೆ ಸೈಕಲ್ ಸಿಗುವುದಿಲ್ಲವಾ ಎಂದು ನಾನು ಕೇಳಿದೆ. ಸಿಗುತ್ತದೆ, ಆದರೆ ಬೇರೆ ಸೈಕಲಿನಲ್ಲಿ ಎರಡು ದಿನ ತುಳಿದರೆ ಮೂರನೇ ದಿನ ಮೊಣಕಾಲು ಊದುತ್ತದೆ ಎಂದಳು. ತನ್ನ ಸೈಕಲಿನ ಸೀಟು ಒಂದು ನೂಲಿನಷ್ಟು ಮೇಲೆ ಕೆಳಗೆ ಆದರೂ ಅವಳಿಗೆ ಗೊತ್ತಾಗುತ್ತದೆ. ಸೈಕಲ್ ಹೋಗದಿದ್ದರೆ ತಾನು ಹೋಗಿ ಪ್ರಯೋಜನ ಇಲ್ಲ ಎಂದು ಹೇಳಿ ಸುಮ್ಮನಾದಳು.

ಅವಳು ಹಾಗೆ ಸುಮ್ಮನಾದದ್ದನ್ನು ನಾನು ಒಮ್ಮೆ ನೋಡಿದ್ದೇನೆ. ಇಪ್ಪತ್ತಮೂರು ವರ್ಷದ ಹಿಂದೆ ಓಟದಲ್ಲಿ ಆಯ್ಕೆಯಾಗಿ ಅವಳಿಗೆ ಬೆಂಗಳೂರಿನ ತರಬೇತಿ ಶಿಬಿರಕ್ಕೆ ಕರೆ ಬಂದಿತ್ತು. ಬಸ್ಸಿನ ಟಿಕೆಟ್ ಆಗಿತ್ತು, ಬ್ಯಾಗು ಕಟ್ಟಿ ಆಗಿತ್ತು. ಹೊರಡುವ ದಿನ ಸಂಜೆ ನನಗೆ ಒಂದು ತಿಂಗಳು ಮೊದಲೇ ಹೆರಿಗೆ ನೋವು ಶುರುವಾಯಿತು. ನನ್ನ ಗಂಡ ಆಗ ಮೀನಿನ ಬೋಟಿಗೆ ಹೋಗುತ್ತಿದ್ದರು, ಸಮುದ್ರದಲ್ಲಿದ್ದರು. ಅತ್ತೆಗೆ ಕಾಲು ಬರುತ್ತಿರಲಿಲ್ಲ. ಅವಳು ಹೆಗಲಿನ ಬ್ಯಾಗು ಇಳಿಸಿ ನನ್ನನ್ನು ರಿಕ್ಷಾ ಹತ್ತಿಸಿದಳು. ನಾನು ಮಗಳನ್ನು ಎತ್ತಿಕೊಂಡು ಮನೆಗೆ ಬರುವಾಗಲೂ ಆ ಬ್ಯಾಗು ಬಾಗಿಲ ಹಿಂದೆ ಕಟ್ಟಿದ ಹಾಗೆಯೇ ಇತ್ತು. ಆ ಬಗ್ಗೆ ಅವಳು ಒಂದು ದಿನವೂ ಮಾತೆತ್ತಿಲ್ಲ, ನಾನೂ ಕೇಳಿಲ್ಲ. ಆದರೆ ಮಗಳ ಹುಟ್ಟಿದ ದಿನ ಬಂದಾಗಲೆಲ್ಲ ದೇವರ ಎದುರು ದೀಪ ಹಚ್ಚುವಾಗ ನನಗೆ ಮೊದಲು ನೆನಪಾಗುವುದು ಆ ಬ್ಯಾಗು.

“ನಾವೇ ಕಟ್ಟುವ ಮಾರಾಯ್ತಿ,” ಎಂದೆ. ಮೀನಿಗೆ ಉಪ್ಪು ಸವರಿ, ಬುಟ್ಟಿ ಸಮೇತ ಫ್ರಿಜ್ಜಿನಲ್ಲಿಟ್ಟು ಕೈ ತೊಳೆದೆ.

ಅಷ್ಟು ಧೈರ್ಯದಿಂದ ಹೇಳಲು ನನಗೊಂದು ಕಾರಣ ಇತ್ತು. ನನ್ನ ತಂದೆ ಬಂದರಿನಲ್ಲಿ ಮೀನಿನ ಪೆಟ್ಟಿಗೆ ಕಟ್ಟುವ ಕೆಲಸದವರು. ಒಂದು ಸಾಲು ಐಸು, ಒಂದು ಸಾಲು ಮೀನು, ಮೂಲೆ ಮೂಲೆಗೆ ಮತ್ತೆ ಐಸಿನ ಪುಡಿ. ಮುಚ್ಚಳ ಹೊಡೆದ ಮೇಲೆ ಅವರು ಪೆಟ್ಟಿಗೆಯನ್ನು ಒಮ್ಮೆ ಕುಲುಕಿ ಕಿವಿ ಕೊಡುತ್ತಿದ್ದರು. ಒಳಗೆ ಎಂತಾದರೂ ಸದ್ದಾದರೆ ಪುನಃ ಬಿಚ್ಚಿ ಕಟ್ಟುವುದು. ಪೆಟ್ಟಿಗೆ ಮಾತಾಡಬಾರದು ಎಂಬುದು ಅವರ ಮಾತು. ಲಾರಿಯಲ್ಲಿ ಹಾಳಾಗುವ ಮೀನು ಬಿಸಿಲಿಗೆ ಹಾಳಾಗುವುದು ಕಡಿಮೆ, ಖಾಲಿ ಜಾಗದಲ್ಲಿ ಉರುಳಾಡಿ ಹಾಳಾಗುವುದೇ ಹೆಚ್ಚು ಎನ್ನುತ್ತಿದ್ದರು. ಬೇಸಿಗೆ ರಜೆಯಲ್ಲಿ ಅವರ ಜೊತೆ ಕೂತು ನಾನೂ ಎಷ್ಟೋ ಪೆಟ್ಟಿಗೆ ಕಟ್ಟಿದ್ದೇನೆ. ಸೈಕಲ್ ಆದರೇನು, ಅದೂ ಒಂದು ದೊಡ್ಡ ಮೀನು ಎಂದು ನನ್ನಷ್ಟಕ್ಕೆ ಹೇಳಿಕೊಂಡೆ.

ನನ್ನ ಗಂಡ ಈಗ ಬೋಟು ಬಿಟ್ಟು ಪಿಕಪ್ಪಿನಲ್ಲಿ ಹೋಟೆಲುಗಳಿಗೆ ಮೀನು ಹಾಕುತ್ತಾರೆ. ಅವರಿಗೆ ಫೋನು ಮಾಡಿ, ಬರುವಾಗ ಪಂಪ್‌ವೆಲ್ಲಿಗೆ ಹೋಗಿ ಪೆಟ್ಟಿಗೆ ತರಲು ಹೇಳಿದೆವು. ಅವರು ಬರುವಷ್ಟರಲ್ಲಿ ಸೈಕಲ್ ಬಿಚ್ಚಿ ಇಡಬೇಕು.

ಜಗಲಿಯಲ್ಲಿ ಹಳೆ ಬೆಡ್‌ಶೀಟ್ ಹಾಸಿ ಸೈಕಲನ್ನು ಮಲಗಿಸಿದೆವು. ಮುಂದಿನ ಚಕ್ರ ಸುಲಭವಾಗಿ ಬಂತು. ಹ್ಯಾಂಡಲ್ ಅವಳೇ ಸಡಿಲಿಸಿದಳು. ಸೀಟಿನ ಕಂಬಿಯನ್ನು ಎಳೆಯುವ ಮೊದಲು ಅವಳು ಗುರುತು ಮಾಡಲು ಪೆನ್ನು ಹುಡುಕಿದಳು. ಕಪ್ಪು ಕಂಬಿಯ ಮೇಲೆ ಪೆನ್ನು ಕಾಣಲಿಲ್ಲ. ನಾನು ನನ್ನ ಹಣೆಯ ಸ್ಟಿಕ್ಕರ್ ಬೊಟ್ಟು ತೆಗೆದು, ಕಂಬಿ ಸೈಕಲಿನೊಳಗೆ ಹೋಗುವ ಗಡಿಗೆ ಸರಿಯಾಗಿ ಅಂಟಿಸಿದೆ. “ಇನ್ನು ಇದಕ್ಕೆ ಮುತ್ತೈದೆ ಭಾಗ್ಯ,” ಎಂದು ಅವಳು ಆ ದಿನದಲ್ಲಿ ಮೊದಲ ಸಲ ನಕ್ಕಳು. ಬರಿ ಹಣೆಯಲ್ಲಿ ಇರಬಾರದೆಂದು ನಾನು ಒಳಗೆ ಹೋಗಿ ಕುಂಕುಮ ಇಟ್ಟುಕೊಂಡು ಬಂದೆ.

ಪೆಡಲ್ ತೆಗೆಯುವಾಗ ನಗು ನಿಂತಿತು. ಬಲಗಡೆಯದು ಬಂತು. ಎಡಗಡೆಯದು ಜಪ್ಪಯ್ಯ ಎನ್ನಲಿಲ್ಲ. ಸ್ಪ್ಯಾನರ್ ಹಾಕಿ ಇಬ್ಬರೂ ಎಳೆದೆವು. ಕೊನೆಗೆ ನಾನು ಸೀರೆ ಸಿಕ್ಕಿಸಿಕೊಂಡು ಅವಳ ಹೆಗಲು ಹಿಡಿದು ಸ್ಪ್ಯಾನರಿನ ಮೇಲೆ ಕಾಲಿಟ್ಟು ಭಾರ ಹಾಕಿದೆ. ಅದು ಸ್ವಲ್ಪ ತಿರುಗಿತು. ದೇವರೇ ಎಂದುಕೊಂಡೆ. ಪುನಃ ಭಾರ ಹಾಕಿದರೆ ಕಲ್ಲಿನ ಹಾಗೆ ನಿಂತಿತು. ಗಡಿಯಾರ ನೋಡಿದರೆ ಹತ್ತೂ ಐವತ್ತು. ಅವಳ ಅಂಗೈಯ ಚರ್ಮ ಸುಲಿದಿತ್ತು.

ಆಗ ಅವಳಿಗೆ ಫೋನು ಬಂತು. ಆ ಮೆಕ್ಯಾನಿಕ್. ಆಸ್ಪತ್ರೆಯ ವರಾಂಡದಲ್ಲಿ ನಿಂತು ಮಾತಾಡುತ್ತಿದ್ದ. ತಂದೆಯನ್ನು ಒಳಗೆ ಕರೆದುಕೊಂಡು ಹೋಗಿದ್ದಾರೆ, ಹೊರಗೆ ಕಾಯುವುದು ಬಿಟ್ಟು ಬೇರೆ ಕೆಲಸ ಇಲ್ಲ, ನಿಮ್ಮದೇ ಯೋಚನೆ ಆಯಿತು ಎಂದ. ಅವನ ಮಾತು ಕೇಳಲು ನಾವು ಮೊಬೈಲನ್ನು ಸೈಕಲಿನ ಪಕ್ಕ ನೆಲದಲ್ಲಿಟ್ಟೆವು.

“ಟೀಚರೇ, ಎಡದ ಪೆಡಲ್ ಉಲ್ಟಾ. ನೀವು ಬಿಚ್ತಾ ಇಲ್ಲ, ಗಟ್ಟಿ ಮಾಡ್ತಾ ಇದ್ದೀರಿ. ಆಚೆ ತಿರುಗಿಸಿ.”

ನನ್ನ ಭಾರವೆಲ್ಲ ಹಾಕಿ ನಾನು ಅದನ್ನು ಇನ್ನಷ್ಟು ಬಿಗಿ ಮಾಡಿದ್ದೆ. ಆಚೆ ತಿರುಗಿಸಲು ಮತ್ತೆ ನಾನೇ ಹತ್ತಿ ನಿಲ್ಲಬೇಕಾಯಿತು. ಟಕ್ ಎಂದು ಸದ್ದಾಗಿ ಪೆಡಲ್ ಸಡಿಲವಾಯಿತು. ಅವನು ಫೋನಿನಲ್ಲೇ ಉಳಿದದ್ದನ್ನೆಲ್ಲ ಹೇಳಿಕೊಟ್ಟ. ಗೇರಿನ ಭಾಗವನ್ನು ಬಿಡಿಸಿ ಒಳಗಡೆಗೆ ಮಡಚಿ ಕಟ್ಟುವುದು, ಟಯರಿನ ಗಾಳಿ ಅರ್ಧ ಇಳಿಸುವುದು, ಚಕ್ರ ಕೂರುವ ಮುಂದಿನ ಕವಲಿನ ನಡುವೆ ಮರದ ತುಂಡು ಕೊಟ್ಟು ಕಟ್ಟುವುದು, ಇಲ್ಲದಿದ್ದರೆ ಮೇಲೆ ಭಾರ ಬಿದ್ದಾಗ ಕವಲು ಒಳಗೆ ಬಾಗುತ್ತದೆ ಎಂಬುದು. ಕರೆ ಮುಗಿಸುವ ಮೊದಲು ನಾನು ಅವನ ತಂದೆಯ ಬಗ್ಗೆ ಕೇಳಿದೆ. ಇನ್ನೂ ಎಂತದೂ ಹೇಳಲಿಲ್ಲ ಅಕ್ಕ ಎಂದ. ನನ್ನ ಪ್ರಾರ್ಥನೆಯಲ್ಲಿ ಆ ದಿನ ನನಗೆ ಮುಖ ಪರಿಚಯ ಇಲ್ಲದ ಆ ಹಿರಿಯರೂ ಸೇರಿದರು. ದೇವರು ನನಗೆ ದೊಡ್ಡ ನೋಟು ಕೊಟ್ಟದ್ದು ಕಡಿಮೆ, ಯಾವಾಗಲೂ ಚಿಲ್ಲರೆಯಾಗಿಯೇ ಕೊಡುವುದು. ತನ್ನ ಮನೆಯಲ್ಲೇ ಬೆಂಕಿ ಬಿದ್ದಿರುವಾಗ ಇನ್ನೊಬ್ಬರ ಪೆಡಲ್ ನೆನಪಿಟ್ಟುಕೊಂಡ ಆ ಹುಡುಗನ ಫೋನು ನನ್ನ ಮಟ್ಟಿಗೆ ಅಂಥದ್ದು.

ಹನ್ನೊಂದೂವರೆ ಕಳೆದರೂ ಪೆಟ್ಟಿಗೆ ತರಲು ಹೋದ ಇವರು ಬರಲಿಲ್ಲ. ಪಂಪ್‌ವೆಲ್ಲಿನ ಫ್ಲೈಓವರಿನ ಕೆಳಗೆ ಬಸ್ಸೊಂದು ಕೆಟ್ಟು ನಿಂತು ಎಲ್ಲರೂ ಸಿಕ್ಕಿಬಿದ್ದಿದ್ದರು. ಬರುವಾಗ ಹನ್ನೆರಡಕ್ಕೆ ಹತ್ತು ನಿಮಿಷ. ಪೆಟ್ಟಿಗೆಯನ್ನು ಪಿಕಪ್ಪಿನಿಂದ ಇಳಿಸಿದಾಗ ನಾನು ನೋಡಿದ್ದು ಅದರ ತಳ. ಅಡಿಯ ರಟ್ಟು ಒದ್ದೆಯಾಗಿ ಕಪ್ಪಾಗಿತ್ತು. ಬೆಳಗ್ಗೆ ಮೀನು ಇಳಿಸಿದ ಮೇಲೆ ಗಾಡಿ ತೊಳೆದಿದ್ದರು, ಆದರೆ ಐಸಿನ ನೀರು ಮೂಲೆಯಲ್ಲಿ ನಿಂತೇ ಇತ್ತು. ಮೂವತ್ತು ವರ್ಷದಿಂದ ಅವರ ಕೈಯಲ್ಲಿ ಹೋಗುವ ಪೆಟ್ಟಿಗೆಗಳೆಲ್ಲ ನೀರಿಗೆ ಹೆದರದವು. ರಟ್ಟು ನೀರು ಕುಡಿಯುತ್ತದೆ ಎಂಬುದು ಅವರ ತಲೆಗೇ ಹೋಗಿರಲಿಲ್ಲ.

ನಾದಿನಿ ಬೈಯಲಿಲ್ಲ. ಮೆಟ್ಟಿಲಿನಲ್ಲಿ ಕೂತುಬಿಟ್ಟಳು. “ನನ್ನ ಸೈಕಲನ್ನು ಮಾರ್ಕೆಟಿಗೆ ಕಳಿಸುದಾ ಅಣ್ಣ? ಹಾಗಾದ್ರೆ ಮೇಲೆ ಸ್ವಲ್ಪ ಐಸೂ ಹಾಕಿ,” ಎಂದಳು. ಇವರು ಪಿಕಪ್ಪಿನ ಬಾಗಿಲನ್ನು ಎರಡು ಸಲ ತೆಗೆದು ಹಾಕಿದರು.

ಬೇರೆ ಪೆಟ್ಟಿಗೆಗೆ ಸಮಯ ಇರಲಿಲ್ಲ. ಮಳೆಗಾಲದಲ್ಲಿ ಶಾಲೆಯ ಯೂನಿಫಾರ್ಮ್ ಒಣಗದಿದ್ದಾಗ ನಾನು ಮಾಡುವುದನ್ನೇ ಮಾಡಿದೆ. ಇಸ್ತ್ರಿಪೆಟ್ಟಿಗೆ ತಂದು, ಹತ್ತಿ ಬಟ್ಟೆ ಹಾಕಿ, ರಟ್ಟಿನ ತಳಕ್ಕೆ ಇಸ್ತ್ರಿ ಹಾಕಿದೆ. ಮೀನಿನ ವಾಸನೆಯ ಹಬೆ ಮುಖಕ್ಕೆ ಬಡಿಯಿತು. ಇಪ್ಪತ್ತು ನಿಮಿಷ ಒತ್ತಿದ ಮೇಲೆ ಬೆರಳು ಹಾಕಿದರೆ ಒಳಗೆ ಹೋಗದಷ್ಟು ಗಟ್ಟಿಯಾಯಿತು. ಅದರ ಅಡಿಗೆ, ಸ್ಕೂಟರಿಗೆ ಹೊದಿಸುವ ಹಳೆ ಫ್ಲೆಕ್ಸನ್ನು ಕತ್ತರಿಸಿ, ಬದಿಗಳಿಗೂ ಸ್ವಲ್ಪ ಮಡಚಿ ಟೇಪು ಸುತ್ತಿದೆವು. ಯಾರದೋ ಹುಟ್ಟುಹಬ್ಬಕ್ಕೆ ಶುಭ ಕೋರುವ ಅಕ್ಷರಗಳು ಅರ್ಧ ಕಾಣುತ್ತಿದ್ದವು. ಕಾಣಲಿ ಎಂದೆ.

ಕಟ್ಟುವ ಕೆಲಸ ಪೂರ್ತಿ ನನ್ನದು. ಸೈಕಲಿನ ದೇಹ ಮೊದಲು ಇಳಿಯಿತು. ಅದರ ಪಕ್ಕಕ್ಕೆ ಮುಂದಿನ ಚಕ್ರ, ನಡುವೆ ದಪ್ಪ ಟವೆಲು. ಹ್ಯಾಂಡಲನ್ನು ಮೇಲಿನ ಕಂಬಿಗೆ ಸೀರೆಯ ಅಂಚಿನಿಂದ ಬಿಗಿದೆ. ಹಗ್ಗಕ್ಕಿಂತ ಸೀರೆಯಂಚು ಒಳ್ಳೆಯದು, ಬಣ್ಣ ಕೀಳುವುದಿಲ್ಲ. ಪೆಡಲುಗಳನ್ನು ಕಾಲುಚೀಲದಲ್ಲಿ ಹಾಕಿ ಮೂಲೆಗೆ. ಅವಳ ಬಟ್ಟೆಗಳನ್ನು ಒಂದೊಂದಾಗಿ ಸುರುಳಿ ಸುತ್ತಿ ಸಂದುಗಳಿಗೆ ತುರುಕಿದೆ. ವಿಮಾನದಲ್ಲಿ ಎಂತೆಲ್ಲ ಹಾಕಬಾರದು ಎಂಬ ಪಟ್ಟಿಯನ್ನು ಅವಳು ಗಟ್ಟಿಯಾಗಿ ಓದುತ್ತಿದ್ದಳು. ಲೈಟಿನ ಬ್ಯಾಟರಿ ಕೈಬ್ಯಾಗಿಗೆ ಹೋಯಿತು. ಗಾಳಿ ತುಂಬುವ ಚಿಕ್ಕ ಸಿಲಿಂಡರುಗಳು ಮನೆಯಲ್ಲೇ ಉಳಿದವು. ಬೆಂಕಿ ಹಿಡಿಯುವ ವಸ್ತು ಎಂದು ಓದಿದಾಗ ನಾನು ಅವಳ ಬಟ್ಟೆಯ ನಡುವೆ ಮೊದಲೇ ಇಟ್ಟಿದ್ದ ಕರ್ಪೂರದ ಡಬ್ಬಿಯನ್ನು ಮಾತಾಡದೆ ತೆಗೆದೆ. ಅವಳು ನೋಡಿದಳು.

“ಇನ್ನು ಎಂತದೂ ಹಾಕ್ಬೇಡಿ ಅತ್ತಿಗೆ, ಆಯ್ತಾ? ನಿಮ್ಮ ಕೈಗೆ ಸುಮ್ಮನೆ ಕೂತು ಗೊತ್ತಿಲ್ಲ.”

ಇಲ್ಲ ಎಂದು ತಲೆಯಾಡಿಸಿದೆ.

ಇವರು ಮೀನು ತೂಗುವ ಕೊಕ್ಕೆಯ ತಕ್ಕಡಿಯನ್ನು ಜಗಲಿಯ ತೊಲೆಗೆ ನೇತುಹಾಕಿ ಪೆಟ್ಟಿಗೆ ತೂಗಿದರು. ಇಪ್ಪತ್ತಮೂರು ಕಿಲೋ ದಾಟಬಾರದು. ಇಪ್ಪತ್ತೆರಡೂವರೆ ತೋರಿಸಿತು. “ಇದು ಮನೆಯ ತಕ್ಕಡಿಯಾ, ಗಿರಾಕಿಗಳ ತಕ್ಕಡಿಯಾ?” ಎಂದು ನಾದಿನಿ ಅಣ್ಣನನ್ನು ಕೇಳಿದಳು. ಒಂದೇ ತಕ್ಕಡಿ, ದೇವರಾಣೆ ಎಂದರು ಇವರು. ಮೊದಲಿನ ತಪ್ಪಿನಿಂದಾಗಿ ಅವರ ಧ್ವನಿ ಇನ್ನೂ ಮೇಲೆ ಬಂದಿರಲಿಲ್ಲ.

ಅವರಿಬ್ಬರೂ ಗ್ರೀಸಿನ ಕೈ ತೊಳೆಯಲು ಬಾವಿಕಟ್ಟೆಗೆ ಹೋದರು. ನಾನು ಪೆಟ್ಟಿಗೆಯನ್ನು ಮೆಲ್ಲ ಕುಲುಕಿ ಕಿವಿಕೊಟ್ಟೆ. ಮುಂದಿನ ಚಕ್ರದ ನಡುವಿನ ಗುಂಬದ ಹತ್ತಿರ ಒಂದು ಮಾತು ಕೇಳಿಸಿತು. ಅಲ್ಲಿ ಒಂದು ಮುಷ್ಟಿಗಿಂತ ಸ್ವಲ್ಪ ದೊಡ್ಡ ಜಾಗ ಖಾಲಿ ಇತ್ತು.

ಏನು ಇಡಲಿ ಎಂದು ಹುಡುಕಲು ಒಳಗೆ ಹೋದವಳು ಗೋಡೆಯ ಗೂಡಿನಂಥ ದೇವರ ಮಾಡದ ಎದುರು ನಿಂತೆ. ಅಲ್ಲಿ ನವರಾತ್ರಿಯಲ್ಲಿ ಇಟ್ಟ ಒಂದು ಸುಲಿದ ತೆಂಗಿನಕಾಯಿ ಇತ್ತು. ಇವರು ಬೋಟಿಗೆ ಹೋಗುತ್ತಿದ್ದ ಕಾಲದಲ್ಲಿ ನಮ್ಮ ಅತ್ತೆ ಪ್ರತಿ ವರ್ಷ ಹಾಗೆ ಒಂದು ಕಾಯಿಯನ್ನು ದೇವರ ಮುಂದಿಟ್ಟು, ಬಟ್ಟೆಯಲ್ಲಿ ಸುತ್ತಿ ಬೋಟಿನ ಕ್ಯಾಬಿನ್ನಿಗೆ ಕಳಿಸುತ್ತಿದ್ದರು. ಅದು ಅಲ್ಲೇ ಒಣಗಿ ಕೊಬ್ಬರಿಯಾಗುತ್ತಿತ್ತು. ನೆಲ ಕಾಣದ ಕಡೆ ಹೋಗುವವರ ಜೊತೆ ಮನೆಯದ್ದು ಎಂದು ಒಂದಾದರೂ ಇರಬೇಕು ಎನ್ನುತ್ತಿದ್ದರು. ಅತ್ತೆ ಹೋಗಿ ಆಗ ವರ್ಷ ಕಳೆದಿತ್ತು. ಬೋಟು ಬಿಟ್ಟ ಮೇಲೂ ಕಾಯಿ ಇಡುವುದನ್ನು ಅವರು ಬಿಟ್ಟಿರಲಿಲ್ಲ, ಅವರ ನಂತರ ನಾನು ಬಿಟ್ಟಿಲ್ಲ. ಅವರಿದ್ದಿದ್ದರೆ ಮಗಳಿಗೆ ಕೊಟ್ಟೇ ಕಳಿಸುತ್ತಿದ್ದರು.

ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಒಳಗಿನ ಕೊಬ್ಬರಿ ಗಡಗಡ ಎಂದಿತು. ನೀಲಿ ಟವೆಲಿನಲ್ಲಿ ಬಿಗಿಯಾಗಿ ಸುತ್ತಿದೆ, ಸದ್ದು ನಿಂತಿತು. ಆ ಖಾಲಿ ಜಾಗಕ್ಕೆ ಅಳತೆ ತೆಗೆದ ಹಾಗೆ ಕೂತಿತು. ಆಗಷ್ಟೇ ಬೇಡ ಎಂದವಳಿಗೆ ಹೇಳಬೇಕಿತ್ತು. ಹೇಳಿದರೆ ತೆಗೆಸುತ್ತಾಳೆ ಎಂದು ಗೊತ್ತಿತ್ತು, ಅದಕ್ಕೇ ಹೇಳಲಿಲ್ಲ. ಪೆಟ್ಟಿಗೆ ಮುಚ್ಚಿ ಟೇಪು ಎಳೆದೆ. ಕುಲುಕಿದರೆ ಈಗ ಒಂದು ಮಾತಿಲ್ಲ. ಇವರು ಬಂದು ಬೋಟಿನವರ ಗಂಟು ಹಾಕಿ ಹಗ್ಗ ಬಿಗಿದರು.

ಅವಳು ನಿಂತುಕೊಂಡೇ ಅನ್ನಕ್ಕೆ ಮೊಸರು ಕಲಸಿ ಉಪ್ಪಿನಕಾಯಿ ನೆಕ್ಕಿ ಊಟ ಮುಗಿಸಿದಳು. ಒಂದೂ ಕಾಲಿಗೆ ಹೊರಟೆವು. ಪಿಕಪ್ಪಿನ ಮುಂದೆ ನಾವು ಮೂವರು, ಹಿಂದೆ ಪೆಟ್ಟಿಗೆ, ಅದರ ಅಡಿಗೆ ಈ ಸಲ ಒಣ ಗೋಣಿ. ದೇವಸ್ಥಾನದ ಗೋಪುರ ಕಂಡಾಗ ಮೂವರೂ ಕೈ ಮುಗಿದೆವು. ಇವರು ಎರಡೂ ಕೈ ಸ್ಟಿಯರಿಂಗಿನಿಂದ ತೆಗೆದದ್ದಕ್ಕೆ ನಾದಿನಿ ಬೈದಳು. ದಾರಿಯುದ್ದಕ್ಕೂ ನಾನು ಹಿಂದಿನ ಗಾಜಿನಲ್ಲಿ ಪೆಟ್ಟಿಗೆಯನ್ನೇ ನೋಡುತ್ತಿದ್ದೆ. ವಿಮಾನ ನಿಲ್ದಾಣ ಇರುವ ಬಜಪೆಯ ಗುಡ್ಡ ಹತ್ತುವಾಗ ಹೇಳಿಬಿಡಲಾ ಎಂದು ಒಮ್ಮೆ ನಾಲಿಗೆಗೆ ಬಂತು. ಅವಳು ಪಾಸ್‌ಪೋರ್ಟ್ ತೆಗೆದು ನೋಡಿ ಒಳಗಿಟ್ಟು ಪುನಃ ತೆಗೆದು ನೋಡುತ್ತಿದ್ದಳು.

ಎರಡು ಗಂಟೆಗೆ ಮುಟ್ಟಿದೆವು. ಪೆಟ್ಟಿಗೆಯನ್ನು ಟ್ರಾಲಿಯಲ್ಲಿ ಅಡ್ಡ ಇಟ್ಟು ಅವಳು ಒಳಗೆ ಹೋದಳು. ಟಿಕೆಟ್ ಇಲ್ಲದವರು ಗಾಜಿನ ಬಾಗಿಲಿನ ಹೊರಗೆ. ಎರಡೂ ನಲ್ವತ್ತಕ್ಕೆ ಸಾಮಾನು ತೆಗೆದುಕೊಳ್ಳುವುದನ್ನು ನಿಲ್ಲಿಸುತ್ತಾರೆ ಎಂದು ಅವಳು ಹೇಳಿದ್ದಳು. ಪೆಟ್ಟಿಗೆ ಹೋಯಿತು ಎಂದು ಫೋನು ಮಾಡಿದ ಮೇಲೆ ನಾವು ಹೊರಡುವುದೆಂದು ಮಾತಾಗಿತ್ತು.

ಎರಡೂ ಹದಿನೆಂಟಕ್ಕೆ ಫೋನು ಬಂತು.

“ಅತ್ತಿಗೆ, ಮೆಷಿನಿನಲ್ಲಿ ಎಂತದೋ ಉರುಟು, ಗುಂಡಿನ ಹಾಗೆ ಕಾಣ್ತದಂತೆ. ನನ್ನದಲ್ಲ ಅಂತ ಹೇಳಿದೆ. ನೀವು ಎಂತಾದ್ರೂ ಹಾಕಿದ್ರಾ?”

ಹಿಂದೆ ಒಬ್ಬ ಗಂಡಸಿನ ಧ್ವನಿ, ಪೂರ್ತಿ ಬಿಚ್ಚಬೇಕು ಎಂದು ಹಿಂದಿಯಲ್ಲಿ ಹೇಳುವುದು ಕೇಳಿಸಿತು. ಗೊತ್ತಿಲ್ಲ ಎಂದು ಹೇಳಲು ಒಂದು ಕ್ಷಣ ಮನಸ್ಸಾಯಿತು. ಅದನ್ನು ಇಲ್ಲಿ ಬರೆಯದೆ ಬಿಟ್ಟರೆ ಉಳಿದದ್ದನ್ನು ಬರೆದು ಫಲ ಇಲ್ಲ. ಕಾಯಿ ಹಾಕಿದವಳು ನಾನು, ಸಿಕ್ಕಿಬಿದ್ದವಳು ಅವಳು. ಬಾಗಿಲ ಹಿಂದಿನ ಆ ಬ್ಯಾಗು ನನ್ನ ಕಣ್ಣೆದುರು ಬಂತು.

“ಕಾಯಿ,” ಎಂದೆ.

“ಯಾವ ಕಾಯಿ?”

“ಮಾಡದಲ್ಲಿದ್ದದ್ದು. ಒಣಗಿದ್ದು. ನೀನು ಕೈ ತೊಳೆಯಲು ಹೋದಾಗ ಹಾಕಿದೆ.”

ನಾನು ಬೇಗ ಬೇಗ ಹೇಳಿದೆ, “ಪೂರ್ತಿ ಬಿಚ್ಚುದು ಬೇಡ. ಫ್ಲೆಕ್ಸಿನಲ್ಲಿ ಕೆಂಪು ಅಕ್ಷರ ಇರುವ ಬದಿ ಉಂಟಲ್ಲ, ಆ ಬದಿಯ ಮೇಲಿನ ಮೂಲೆ. ಒಂದೇ ಟೇಪು ಕತ್ತರಿಸಲಿ. ಚಕ್ರದ ಗುಂಬದ ಹತ್ತಿರ ನೀಲಿ ಟವೆಲು. ಕೈ ಹಾಕಿದ್ರೆ ಸಿಗ್ತದೆ. ಅದನ್ನು ತೆಗೆದ ಜಾಗದಲ್ಲಿ ಎಂತಾದ್ರೂ ತುರುಕು, ಖಾಲಿ ಬಿಡ್ಬೇಡ.”

ಫೋನು ಕಟ್ಟಾಯಿತು. ಅವಳು ಕಟ್ ಮಾಡಿದಳೋ, ಅದಾಗಿಯೇ ಆಯಿತೋ ಗೊತ್ತಾಗಲಿಲ್ಲ.

ಇವರು ನನ್ನ ಮುಖ ನೋಡಿದರು. ಹೇಳಿದೆ. ಬೈಯುತ್ತಾರೆ ಎಂದುಕೊಂಡೆ. ಒದ್ದೆ ರಟ್ಟಿನವರು ಒಣ ಕಾಯಿಯವಳಿಗೆ ಹೇಗೆ ಬೈಯುವುದು ಎಂದರು. ಆದರೆ ಅವರಿಗೂ ನಗು ಬರಲಿಲ್ಲ. ಗಾಜಿನ ಆಚೆ ಜನ ಟ್ರಾಲಿ ದೂಡಿಕೊಂಡು ಹೋಗುತ್ತಿದ್ದರು. ಅವಳು ಎಲ್ಲಿಯೂ ಕಾಣಿಸಲಿಲ್ಲ. ಎರಡೂವರೆ ಆಯಿತು. ಎರಡೂ ಮೂವತ್ತೈದು. ಆ ಹೊತ್ತಿನಲ್ಲಿ ನಾನು ಮಾಡಿದ್ದು ಪ್ರಾರ್ಥನೆಯೋ ತಕರಾರೋ ಈಗಲೂ ತಿಳಿಯದು. ನಿನಗಾಗಿಯೇ ಇಟ್ಟದ್ದು, ನೀನೇ ಎತ್ತಿಕೋ, ಅವಳನ್ನು ಬಿಡು ಎಂದು ಹೇಳುತ್ತಾ ನಿಂತಿದ್ದೆ. ಎರಡೂ ನಲ್ವತ್ತಾಯಿತು. ಇವರು ಫೋನು ಮಾಡಿದರೆ ಅವಳು ಎತ್ತಲಿಲ್ಲ. ನಲ್ವತ್ತೈದಾಯಿತು.

ಟ್ರಾಲಿಗಳನ್ನು ಸಾಲಾಗಿ ದೂಡುವ ನಡುವಯಸ್ಸಿನ ಒಬ್ಬರು ಬಾಗಿಲಿನಿಂದ ಹೊರಗೆ ಬಂದು ಆಚೀಚೆ ನೋಡಿದರು. ಅವರ ಕಂಕುಳಲ್ಲಿ ನೀಲಿ ಟವೆಲಿನ ಗಂಟು. ನಾನು ಕೈ ಎತ್ತಿದೆ.

“ಕಾಯಿಯ ಅತ್ತಿಗೆ ನೀವಾ?” ಎಂದು ಕೇಳಿದರು. ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಒಣ ಕೊಬ್ಬರಿಯಲ್ಲಿ ಎಣ್ಣೆ ಉಂಟಲ್ಲ, ಬೆಂಕಿ ಹಿಡಿಯುತ್ತದೆ ಎಂದು ಬಿಡುವುದಿಲ್ಲವಂತೆ. ಹಸಿ ಕಾಯಿಯಾಗಿದ್ದರೆ ಇಷ್ಟು ಗಲಾಟೆ ಆಗುತ್ತಿರಲಿಲ್ಲ ಎಂದೂ ಹೇಳಿದರು. ಅಂಥದ್ದನ್ನೆಲ್ಲ ಹಾಕುವ ತೊಟ್ಟಿಗೆ ಇದನ್ನೂ ಹಾಕಲು ಹೊರಟಿದ್ದರಂತೆ. ದೇವರ ಮುಂದೆ ಇಟ್ಟದ್ದು ಎಂದು ನಾದಿನಿ ಹೇಳಿದ ಮೇಲೆ ತನಿಖೆಯವರೇ ಈ ಟ್ರಾಲಿಯವರನ್ನು ಕರೆದು ಹೊರಗೆ ಕಳಿಸಿದ್ದಾರೆ.

“ಪೆಟ್ಟಿಗೆ?” ಎಂದು ಕೇಳಿದೆ.

“ಹೋಯ್ತು. ಒಂದೇ ಮೂಲೆ ಬಿಚ್ಚಿದ್ದು. ಅವರು ತೊಟ್ಟ ಕೋಟು ತೆಗೆದು ಅದ್ರಲ್ಲಿ ತುರುಕಿದ್ರು. ಮತ್ತೆ ಎರಡು ಸಲ ಕುಲುಕಿ ಕಿವಿ ಕೊಟ್ಟು ನೋಡಿದ್ರು. ಅದು ಎಂತಕ್ಕೆ ಅಂತ ನಮಗೆ ಗೊತ್ತಾಗಲಿಲ್ಲ.”

ಅವರಿಗೆ ಚಹಾಕ್ಕೆ ಎಂದು ಇವರು ಕೊಡಲು ಹೋದದ್ದನ್ನು ಅವರು ತೆಗೆದುಕೊಳ್ಳಲಿಲ್ಲ. ಮೂರೂ ನಲ್ವತ್ತರ ವಿಮಾನ ಗುಡ್ಡದ ಅಂಚಿನಿಂದ ಎದ್ದು ಸಮುದ್ರದ ಕಡೆ ತಿರುಗುವವರೆಗೂ ನಾವು ಪಿಕಪ್ಪಿನ ಪಕ್ಕ ನಿಂತಿದ್ದೆವು. ಅವಳಿಂದ ಫೋನು ಮಾತ್ರ ಬರಲಿಲ್ಲ.

ಮನೆಗೆ ಬಂದು ಕಾಯಿಯನ್ನು ಮಾಡದಲ್ಲಿಟ್ಟು ಜಗಲಿ ಗುಡಿಸಿದೆ. ಉಳಿದ ಬೂತಾಯಿಯನ್ನು ಶುಚಿ ಮಾಡಿ ಪುಳಿಮುಂಚಿ ಇಟ್ಟೆ. ಇಬ್ಬರಿಗೂ ಸೇರಲಿಲ್ಲ. ಆಸ್ಪತ್ರೆಯಲ್ಲಿದ್ದ ತಂದೆಗೆ ಗಂಡಾಂತರ ಕಳೆಯಿತು ಎಂದು ಸಂಜೆ ಆ ಮೆಕ್ಯಾನಿಕ್ ಫೋನು ಮಾಡಿ ತಿಳಿಸಿದ. ಅದನ್ನು ಕೇಳಿ ದೀಪ ಹಚ್ಚಿದೆ.

ಮರುದಿನ ಮಧ್ಯಾಹ್ನ ದೋಸೆಗೆ ನೆನೆಹಾಕಿದ ಅಕ್ಕಿಯನ್ನು ತೊಳೆಯುತ್ತಿರುವಾಗ ಮೊಬೈಲಿನಲ್ಲಿ ಫೋಟೋ ಬಂತು. ಅಲ್ಲಿಯ ಯಾವುದೋ ಹೋಟೆಲಿನ ಅಂಗಳದಲ್ಲಿ ಸೈಕಲ್ ನೆಟ್ಟಗೆ ನಿಂತಿತ್ತು. ಒಂದು ಗೀರಿಲ್ಲ. ಸೀಟಿನ ಕೆಳಗೆ, ಕಂಬಿಯ ಗಡಿಯಲ್ಲಿ ನನ್ನ ಕೆಂಪು ಬೊಟ್ಟು. ಅದರ ಹಿಂದೆಯೇ ಅವಳು ಮಾತಾಡಿ ಕಳಿಸಿದ್ದು ಬಂತು. ಒದ್ದೆ ಕೈಯನ್ನು ಸೆರಗಿಗೆ ಒರೆಸಿ ಕಿವಿಗೆ ಹಿಡಿದೆ.

“ಅತ್ತಿಗೆ, ನಿನ್ನೆ ನಿಮ್ಮ ಮೇಲೆ ಕೋಪ ಬಂದಿತ್ತು. ಬೆಂಗಳೂರಿನವರೆಗೆ ಇತ್ತು. ಇಲ್ಲಿ ಒಬ್ಬರದ್ದು ಅಂಗಡಿಯಲ್ಲೇ ಕಟ್ಟಿಸಿದ್ದು, ಅವರ ಗೇರು ಬಾಗಿ ಹೋಗಿದೆ. ನನ್ನದಕ್ಕೆ ಎಂತ ಆಗಲಿಲ್ಲ. ಕಾಯಿ ಕೈಗೆ ಸಿಕ್ಕಿತಾ? ಮಾಡದಲ್ಲೇ ಇಡಿ. ಅಮ್ಮನ ಕಾಯಿಗೆ ವಿಮಾನ ಆಗುದಿಲ್ಲ, ಮನೆಯಲ್ಲೇ ಇರಲಿ. ನಾನು ಬಂದ ಮೇಲೆ ಒಡೆಯುವ.”

ಎರಡು ಸಲ ಕೇಳಿದೆ. ಮೂರನೇ ಸಲ ಇವರಿಗೆ ಕೇಳಿಸಿದೆ. ಮತ್ತೆ ಅಕ್ಕಿಯ ನೀರು ಬಸಿದು ಗ್ರೈಂಡರಿಗೆ ಹಾಕಿದೆ.